ಹುಟ್ಟು ಹಾಕೋ ಆಟ

ಈ ಬೇಸಿಗೆ ರಜಕ್ಕೆ ತಂಗಿ ಮಕ್ಕಳು, ಮೈದುನನ ಮಕ್ಕಳು ಎಲ್ಲಾ ಸೇರಿ ಏಳು ಜನ ನಮ್ಮನೇಲಿ ಬೀಡುಬಿಟ್ಟಿದ್ರು. ಮನೆ ಅನ್ನೋದು ಸಂತೆ ಆಗ್ಹೋಗಿತ್ತು. ಹೊತ್ತಾರೆಯಿಂದ ಸಂಜೆವರೆಗೂ ಮೊಬೈಲು, ಜಗಳ, ತಿಂಡಿ, ಮತ್ತೆ ಜಗಳ. ಕೊನೆಗೆ ನಮ್ಮ ಯಜಮಾನ್ರೇ ಯಗಚಿ ಹಿನ್ನೀರಲ್ಲಿ ನಡೀತಿದ್ದ ಒಂದು ದೋಣಿ ಶಿಬಿರಕ್ಕೆ ಐದು ದಿನಕ್ಕೆ ಅವ್ರನ್ನೆಲ್ಲಾ ಸೇರಿಸಿ ಬಂದ್ರು. ನಾನೂ ನಮ್ಮ ಅತ್ತಿಗೇನೂ ಮಧ್ಯಾಹ್ನಕ್ಕೆ ಚಿತ್ರಾನ್ನ, ಮಜ್ಜಿಗೆ ಕಟ್ಕೊಂಡು ಹೋಗಿ ದಡದಲ್ಲಿ ಹೊಂಗೆ ಮರದ ನೆರಳಲ್ಲಿ ಕೂತ್ವಿ.

ನೋಡಿದ್ರೆ ಏನು? ಮಕ್ಕಳು ಒಬ್ಬೊಬ್ಬರು ಒಂದೊಂದು ಬಣ್ಣದ ಪ್ಲಾಸ್ಟಿಕ್ ದೋಣೀಲಿ ಕಾಲು ಚಾಚಿಕೊಂಡು ಕೂತಿದ್ದಾರೆ. ಒಬ್ಬನ ಕೈಲಿ ಒದ್ದೆ ಸ್ಪಂಜು. ಅದನ್ನ ಇನ್ನೊಬ್ಬನ ದೋಣಿ ಮೇಲೆ ಎಸೀಬೇಕು. ಬಿದ್ರೆ ಅವನು ಕಳ್ಳ. ಕಿರುಚಾಟ, ನೀರೆರಚಾಟ, ನಗು.

ಅತ್ತಿಗೆಗೆ ಪಿತ್ತ ನೆತ್ತಿಗೇರ್ತು. "ಏನೇ ಇದು? ದುಡ್ಡು ಕೊಟ್ಟು ದೋಣಿ ಬಿಡೋದು ಕಲೀಲಿ ಅಂತ ಕಳ್ಸುದ್ರೆ ಮುಟ್ಟಾಟ ಆಡುಸ್ತಾ ಕೂತವ್ರಲ್ಲ! ಇದನ್ನ ನಮ್ಮ ಹಿತ್ತಲಲ್ಲೇ ಆಡ್ತಿರ್ಲಿಲ್ವಾ?"

ಕಲಿಸೋ ಹುಡುಗಿ ಅದನ್ನ ಕೇಳಿಸಿಕೊಂಡ್ಳು. ನಕ್ಕೊಂಡು ಹತ್ರ ಬಂದು, "ಅಮ್ಮಾ, ಎಡಕ್ಕೆ ಹೆಂಗೆ ತಿರುಗ್ಬೇಕು, ಬಲಕ್ಕೆ ಹೆಂಗೆ ತಿರುಗ್ಬೇಕು ಅಂತ ಒಂದು ಗಂಟೆ ಹೇಳಿದ್ರೂ ಅವ್ರಿಗೆ ಬರಲ್ಲ. ಹಿಂದೆ ಯಾರೋ ಅಟ್ಟಿಸ್ಕೊಂಡು ಬಂದ್ರೆ ಹತ್ತು ನಿಮಿಷದಲ್ಲಿ ಬರುತ್ತೆ," ಅಂದ್ಳು.

ಆ ಮಾತು ನನ್ನ ತಲೇಲಿ ಕೂತುಬಿಡ್ತು. ಯಾಕೆಂದ್ರೆ ಇದನ್ನೇ, ಸರಿಸುಮಾರು ಇದೇ ಮಾತನ್ನ, ನಮ್ಮಜ್ಜಿ ಬಾಯಲ್ಲಿ ಕೇಳಿದ್ದೆ. ಅದಾಗಿ ನಲವತ್ತು ವರ್ಷದ ಮೇಲಾಯ್ತು. ಅವತ್ತಿಂದ ಈ ದೋಣಿ ಆಟದ ಹಿಂದೆ ಬಿದ್ದೆ. ಓದಿದ್ದು, ಹಿರಿಯರ ಹತ್ರ ಕೇಳಿದ್ದು, ಕಣ್ಣಾರೆ ಕಂಡಿದ್ದು ಎಲ್ಲಾ ಸೇರಿಸಿ ಬರೀತಿದ್ದೀನಿ. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಇಳಿಸಿಬಿಟ್ಟು ಬನ್ನಿ, ಸ್ವಲ್ಪ ಉದ್ದ ಇದೆ.

ನಮ್ಮ ಮೂರೂರಿನ ನೀರು

ನಮ್ಮ ಸೀಮೆ ಹೆಸರುಗಳೇ ನೀರಿನ ಹೆಸರು, ಗಮನಿಸಿದ್ದೀರಾ? ಅರಸೀಕೆರೆ ಅಂದ್ರೆ ಅರಸಿಯ ಕೆರೆ. ಹಳೇಬೀಡಿನ ಹಳೇ ಹೆಸರು ದೋರಸಮುದ್ರ. ಕೆರೆಯ ಹೆಸರೇ ರಾಜಧಾನಿಗೆ ಬಂತು. ಸಮುದ್ರ ಕಾಣದ ಜನ ತಮ್ಮ ಕೆರೇನೇ ಸಮುದ್ರ ಅಂತ ಕರೆದ್ರು. ಬೇಲೂರಿನ ಪಕ್ಕದಲ್ಲೇ ಯಗಚಿ. ಬಾಬಾಬುಡನ್ ಗಿರಿ ಕಡೆಯಿಂದ ಹರಿದು ಬಂದು ಮುಂದೆ ಹೇಮಾವತಿ ಸೇರೋ ಹೊಳೆ. ಹೇಮಾವತಿ ಹೋಗಿ ಕಾವೇರಿ ಸೇರುತ್ತೆ.

ಹೆಸರಲ್ಲಿ ಇಷ್ಟು ನೀರಿದ್ರೂ ಬದುಕಲ್ಲಿ ಅಷ್ಟಿರಲಿಲ್ಲ. ನನ್ನ ತವರು ಅರಸೀಕೆರೆ ಕಡೆ. ತೆಂಗು, ರಾಗಿ, ಮಳೆ ನಂಬಿದ ಜೀವನ. ಬೇಸಿಗೇಲಿ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರು. ಹಳೇಬೀಡಿನ ಅಷ್ಟು ದೊಡ್ಡ ಕೆರೇನೂ ಬತ್ತಿದ ವರ್ಷಗಳಿದ್ವು. ರಣಘಟ್ಟದಿಂದ ಯಗಚಿ ನೀರನ್ನ ಆ ಕೆರೆಗೆ ಹರಿಸಿ ಅಂತ ಅಲ್ಲಿನ ರೈತರು ಎಷ್ಟು ಹೋರಾಟ ಮಾಡಿದ್ರು ಅನ್ನೋದು ನಿಮಗೂ ಗೊತ್ತು. ಬೇಲೂರಿನ ಹತ್ರ ಯಗಚಿ ಅಣೆಕಟ್ಟು ಆಗಿದ್ದು 2001ರಲ್ಲಿ. ಅಲ್ಲೀವರೆಗೂ ಬೇಸಿಗೇಲಿ ಹೊಳೆ ದಾಟೋಕೆ ಸೀರೆ ನೆರಿಗೆ ಎತ್ತಿ ಕಟ್ಟಿದ್ರೆ ಸಾಕಾಗಿತ್ತು. ಈಗ ಅಲ್ಲೇ ಕಣ್ಣು ಹಾಯೋವರೆಗೂ ನೀರು, ಅದರ ಮೇಲೆ ಮಕ್ಕಳ ದೋಣಿ.

ರಾಣಿಯರ ನೀರಾಟ, ನಮ್ಮ ಬಿಂದಿಗೆ

ನೀರಲ್ಲಿ ಆಡೋದು ಇವತ್ತಿನ ಶೋಕಿ ಅಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಆಗ ಹೊಯ್ಸಳರಿಗೂ ಮೇಲೆ ಕಲ್ಯಾಣದ ಚಾಳುಕ್ಯರು ಅಂತ ದೊಡ್ಡ ದೊರೆಗಳು. ಅವರಲ್ಲಿ ಮೂರನೇ ಸೋಮೇಶ್ವರ ಅನ್ನೋನು ಸುಮಾರು 1130ರ ಹೊತ್ತಿಗೆ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಪುಸ್ತಕ ಬರೆಸಿದ. ಅದರಲ್ಲಿ ಇಲ್ಲದ್ದೇ ಇಲ್ಲ. ಅಡುಗೆ, ಒಡವೆ, ಆನೆ, ಸಂಗೀತ, ಮಳೆ, ವೈದ್ಯ ಎಲ್ಲಾ ಇದೆ. ಆಟಗಳಿಗೇ ಒಂದು ದೊಡ್ಡ ಭಾಗ. ವನದ ಆಟ, ಉಯ್ಯಾಲೆ ಆಟದ ಜೊತೆಗೆ ನೀರಾಟಾನೂ ಸೇರಿದೆ. ನಮ್ಮ ಹಳಗನ್ನಡದ ಕವಿಗಳಿಗಂತೂ ಮಹಾಕಾವ್ಯ ಅಂದ್ಮೇಲೆ ಹದಿನೆಂಟು ವರ್ಣನೆ ಇರಲೇಬೇಕು, ಅದರಲ್ಲಿ ಜಲಕ್ರೀಡೆ ಒಂದು.

ಆದ್ರೆ ಆ ನೀರಾಟ ಯಾರದ್ದು? ಅರಸರದ್ದು, ಅವರ ರಾಣಿಯರದ್ದು. ಊರಿನ ಹೆಂಗಸರಿಗೆ ಕೆರೆ ಅಂದ್ರೆ ಬಿಂದಿಗೆ, ಬಟ್ಟೆ ಗಂಟು, ದನ ತೊಳೆಯೋದು. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆ ಸುತ್ತ ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು ಇದ್ದ ಹಾಗೆ ಮೊಸಳೆ ಮೈಯ ಮಕರದ ಸಾಲು, ಹಂಸದ ಸಾಲೂ ಇವೆ. ಮಕ್ಕಳನ್ನ ಕರ್ಕೊಂಡು ಹೋದಾಗ ತೋರಿಸಿ. ಎರಡೂ ನೀರಿನ ಜೀವಗಳೇ. ಗುಡಿ ಎದುರಿಗೆ ಕೆರೆ, ಗೋಡೆ ಮೇಲೂ ನೀರಿನ ಪ್ರಾಣಿ. ನಮ್ಮ ಅಜ್ಜಿ ಮುತ್ತಜ್ಜಿಯರು ಮಾತ್ರ ಆ ನೀರಿನ ಅಂಚಲ್ಲೇ ಬಗ್ಗಿ ಬಗ್ಗಿ ಸೊಂಟ ಸವೆಸಿದ್ರು.

ದೇವರಿಗೂ ದೋಣಿ ವಿಹಾರ ಇದೆ. ತೆಪ್ಪೋತ್ಸವ ಅಂತೀವಲ್ಲ, ಅದೇ. ಮೇಲುಕೋಟೆ ಕಲ್ಯಾಣೀಲಿ ನೋಡಿದ್ದೀರಿ. ಉತ್ಸವಮೂರ್ತಿ ದೀಪ ಹಚ್ಚಿದ ತೆಪ್ಪದಲ್ಲಿ ಸುತ್ತು ಹಾಕ್ತಿದ್ರೆ ನಾವು ಮೆಟ್ಟಿಲ ಮೇಲೆ ನಿಂತು ಕೈ ಮುಗೀತೀವಿ. ದೇವರು ನೀರ ಮೇಲೆ, ಹೆಂಗಸರು ದಡದ ಮೇಲೆ.

ಹರಿಗೋಲು

ಹಾಗಂತ ನಮ್ಮ ಕಡೆ ಸಾಮಾನ್ಯರ ದೋಣಿ ಇರಲೇ ಇಲ್ಲ ಅಂತಲ್ಲ. ಹರಿಗೋಲು ಇತ್ತು. ಬಿದಿರಿನ ಸೀಳಲ್ಲಿ ದೊಡ್ಡ ಬುಟ್ಟಿ ಹೆಣೆದು, ಮೇಲೆ ಚರ್ಮ ಹೊದಿಸಿ ಹೊಲೀತಿದ್ರು. ಆಮೇಲೆ ಚರ್ಮ ಹೋಗಿ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಚೀಲ ಬಂತು. ಈಗ ಫೈಬರ್ ಬಂದಿದೆ. ಒಂದು ದೊಡ್ಡ ಮಂಕರಿ ನೀರ ಮೇಲೆ ಕೂತಂಗೆ ಇರುತ್ತೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ಇದನ್ನ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡೀತಾರೆ, ಬೇಕಾದ್ರೆ ಕುದುರೆ ಎತ್ತುಗಳನ್ನೂ ಸಾಗಿಸ್ತಾರೆ ಅಂತ. ಇದು ಬೇರೆ ದೋಣಿ ಥರ ನೆಟ್ಟಗೆ ಹೋಗಲ್ಲ, ಸುತ್ತುತ್ತಲೇ ಇರುತ್ತೆ ಅನ್ನೋದೂ ಅವನ ಕಣ್ಣಿಗೆ ಬಿದ್ದಿತ್ತು. ಐನೂರು ವರ್ಷ ಆದ್ರೂ ಹಂಪಿಯಿಂದ ಆನೆಗುಂದಿ ಕಡೆಗೆ ಹೊಳೆ ಮೇಲೆ ಅದೇ ಹರಿಗೋಲು ತಿರುಗ್ತಾ ಇದೆ. ತಲಕಾಡಲ್ಲಿ, ಹೊಗೇನಕಲ್ಲಲ್ಲಿ ಪ್ರವಾಸಿಗರನ್ನ ಕೂರಿಸಿ ಬೇಕಂತ್ಲೇ ಗಿರಗಿರ ತಿರುಗಿಸ್ತಾರೆ. ನಾವು ಕಿರುಚ್ಕೋತೀವಿ, ದುಡ್ಡು ಕೊಡ್ತೀವಿ.

ಆ ತಿರುಗೋದನ್ನ ನಿಲ್ಲಿಸೋದೇ ವಿದ್ಯೆ. ದುಂಡಗಿನ ದೋಣಿಗೆ ಮೂತಿ ಇಲ್ಲ, ಬಾಲ ಇಲ್ಲ. ಒಂದೇ ಕಡೆ ಹುಟ್ಟು ಹಾಕಿದ್ರೆ ಬುಗುರಿ ಆಗುತ್ತೆ. ಅದಕ್ಕೇ ಅಂಬಿಗ ಮುಂದುಗಡೆ ಬಗ್ಗಿ ನೀರನ್ನ ತನ್ನ ಕಡೆಗೆ ಎಳ್ಕೋತಾನೆ. ಹುಟ್ಟು ಎಡಕ್ಕೂ ಬಲಕ್ಕೂ ಓಡಾಡ್ತಾ ಎಂಟು ಅಂಕಿ ಬರೆದಂಗೆ ಆಡುತ್ತೆ.

ಹುಟ್ಟು ಅನ್ನೋ ಮಾತನ್ನೇ ನೋಡಿ. ದೋಣಿ ನಡೆಸೋ ಕೋಲಿಗೂ ಹುಟ್ಟು ಅಂತಾರೆ, ಮರದ ಸೌಟಿಗೂ ಹುಟ್ಟು ಅಂತಾರೆ. ಅಂಬಿಗನ ಕೈಲಿರೋದೂ ಅದೇ, ಅಡುಗೆಮನೇಲಿರೋದೂ ಅದೇ ಹೆಸರಿನದ್ದು. ನಮಗೆ ಆ ವಿದ್ಯೆ ಬರಲ್ಲ ಅಂತ ಯಾರು ಹೇಳಿದ್ದು?

ನಮ್ಮಜ್ಜಿ ಕತೆ

ಅಮ್ಮನ ಅಮ್ಮ ಹುಟ್ಟಿದ್ದು ಹೇಮಾವತಿ ದಡದ ಒಂದು ಹಳ್ಳೀಲಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ರ ಬರಹದಲ್ಲಿ ಬರೋ ಹೊಳೆ ಅದೇ. ಸಂತೆಗೆ, ಮದುವೆಗೆ, ಹೆರಿಗೆಗೆ, ಎಲ್ಲದಕ್ಕೂ ಹರಿಗೋಲಲ್ಲೇ ದಾಟಬೇಕು. ಅಂಬಿಗರ ತಾತ ಒಬ್ರಿದ್ರಂತೆ. ನೀರು ಕಡಿಮೆ ಇರೋ ದಿನ ಹರಿಗೋಲಿಗೆ ಉದ್ದ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದೀನ ಮರಕ್ಕೆ ಬಿಗಿದು, ಊರ ಮಕ್ಕಳನ್ನ ಅದರೊಳಗೆ ಕೂರಿಸಿ ಆಟ ಆಡಿಸ್ತಿದ್ರಂತೆ. ಹೆಣ್ಣುಮಕ್ಕಳು ಗಂಡುಮಕ್ಕಳು ಅಂತ ಭೇದ ಇಲ್ಲ.

ಒಂದನೇ ಆಟ ಬುಗುರಿ. ತಾತ ಹರಿಗೋಲನ್ನ ಜೋರಾಗಿ ತಿರುಗಿಸಿ ಬಿಡೋರು. "ಹುಣಸೆ ಮರ!" ಅಂತ ಕೂಗಿದ್ರೆ ಹುಟ್ಟು ಹಿಡಿದೋರು ಎರಡೇ ಎಳೆತದಲ್ಲಿ ನಿಲ್ಲಿಸಿ ಹುಣಸೆ ಮರಕ್ಕೆ ಮುಖ ಮಾಡಿ ಕೂತಿರ್ಬೇಕು. ಎರಡನೇದು ಕಾಯಿ ಆಟ. ಹೊಳೆಗೆ ಒಂದು ತೆಂಗಿನಕಾಯಿ ಎಸೆದ್ರೆ, ದೋಣಿ ಅದಕ್ಕೆ ಡಿಕ್ಕಿ ಹೊಡೀದಂಗೆ ಪಕ್ಕಕ್ಕೆ ಸರಿದು ಹೋಗಿ ಕೈಯಲ್ಲಿ ಎತ್ಕೋಬೇಕು. ಮೂರನೇದು ಒಬ್ಬೊಬ್ಬರೇ ಎದ್ದು ನಿಲ್ಲೋದು. ಹೆದರಿ ಅಂಚು ಹಿಡಿದೋರು ಸೋತಂಗೆ. "ತಾತ ಪಾಠ ಹೇಳ್ಲೇ ಇಲ್ಲ ಕಣವ್ವ, ಆಡುಸುದ್ರು ಅಷ್ಟೇಯ. ಪಾಠ ಮರ್ತೋಯ್ತದೆ, ಆಟ ಕೈಯಾಗೇ ಉಳ್ಕತ್ತದೆ," ಅನ್ನೋರು ಅಜ್ಜಿ. ಶಿಬಿರದ ಹುಡುಗಿ ಮಾತು ಕೇಳಿ ನನಗೆ ನೆನಪಾಗಿದ್ದು ಇದೇ.

ಅಂಥ ಅಜ್ಜೀನ ಅರಸೀಕೆರೆ ಸೀಮೆಗೆ ಮದುವೆ ಮಾಡಿ ಕೊಟ್ರು. ಅಲ್ಲಿ ಹೊಳೆ ಇಲ್ಲ, ಹರಿಗೋಲು ಇಲ್ಲ. ಇದ್ದಿದ್ದು ಒಂದು ಕೆರೆ. ನಮ್ಮ ದೊಡ್ಡಮ್ಮ, ಅಂದ್ರೆ ಅಮ್ಮನ ಅಕ್ಕ, ಹತ್ತೊಂಬತ್ತು ವರ್ಷದೋಳು, ಮಳೆಗಾಲದಲ್ಲಿ ಕೆರೆ ತುಂಬಿದಾಗ ಬಟ್ಟೆ ಒಗೆಯೋಕೆ ಹೋದೋಳು ಕಾಲು ಜಾರಿದ್ಲು. ದಡದಲ್ಲಿ ಐದು ಜನ ಹೆಂಗಸರಿದ್ರಂತೆ. ಒಬ್ರಿಗೂ ಈಜು ಬರ್ತಿರ್ಲಿಲ್ಲ. ಯಾರೋ ಸೀರೆ ಬಿಚ್ಚಿ ಎಸೆದ್ರು, ಎಟುಕಲಿಲ್ಲ. ಅವಳು ಬಿದ್ದಿದ್ದು ದಡದಿಂದ ಎರಡೇ ಮಾರು ದೂರದಲ್ಲಿ.

ಅವತ್ತಿಂದ ನಮ್ಮ ಮನೆ ಹೆಣ್ಣುಮಕ್ಕಳಿಗೆ ನೀರು ಅಂದ್ರೆ ನಿಷೇಧ. ಅಮ್ಮ ಕೆರೆ ಏರಿ ಮೇಲೆ ಬಸ್ಸು ಹೋದ್ರೂ ಕಣ್ಣು ಮುಚ್ಕೊಳ್ಳೋರು. ನಾನು ಕಲೀಲಿಲ್ಲ, ನನ್ನ ಮಗಳಿಗೂ ಕಲಿಸಲಿಲ್ಲ. ಹೆದರಿಕೆ ಅನ್ನೋದು ಒಡವೆ ಥರ ತಾಯಿಯಿಂದ ಮಗಳಿಗೆ ಬಂತು.

ಅಜ್ಜಿ ತವರೂ ಆಮೇಲೆ ಉಳೀಲಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗೀತು. ಹಿನ್ನೀರಲ್ಲಿ ಊರು, ಗದ್ದೆ, ಹುಣಸೆ ಮರ ಎಲ್ಲಾ ಹೋಯ್ತು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೇಲಿ ಎದ್ದು ಕಾಣುತ್ತಲ್ಲ, ಅದೇ ನೀರು. ಆ ಚರ್ಚು ನೋಡೋಕೆ ಜನ ಹೋಗಿ ಫೋಟೋ ತೆಗೆಸ್ಕೋತಾರೆ. ಅಜ್ಜಿ ಊರಿಗೆ ಎದ್ದು ಕಾಣೋಕೆ ಗೋಪುರ ಇರಲಿಲ್ಲ.

ಅಜ್ಜಿ ಕೊನೇ ದಿನಗಳಲ್ಲಿ ಒಂದ್ಸಲ ನನ್ನ ತಲೆ ಬಾಚ್ತಾ ಹೇಳಿದ್ರು: "ಹೊಳೇಲಿ ಆಡ್ಕಂಡು ಬೆಳ್ದೋಳು ನಾನು ಉಳ್ಕಂಡೆ. ನೀರು ಕಂಡ್ರೆ ದೂರ ನಿಲ್ಲೋಳು ನನ್ ಮಗ್ಳು ಹೋದ್ಲು." ಅವತ್ತು ನನಗೆ ಅರ್ಥ ಆಗಲಿಲ್ಲ. ಯಗಚಿ ದಡದಲ್ಲಿ ಕೂತಾಗ ಆಯ್ತು.

ಹಿಮದ ನಾಡಿನ ದೋಣಿ

ಈಗ ಮಕ್ಕಳು ಬಿಡೋ ದೋಣಿ ಎಲ್ಲಿಂದ ಬಂತು ನೋಡೋಣ. ಕಯಾಕ್ ಅನ್ನೋದು ಭೂಮಿಯ ನೆತ್ತಿ ಮೇಲಿರೋ ಗ್ರೀನ್‌ಲ್ಯಾಂಡು, ಉತ್ತರ ಕೆನಡಾ ಕಡೆಯ ಇನ್ಯುಯಿಟ್ ಜನರದ್ದು. ಮರ ಬೆಳೆಯದ ನಾಡು. ತೇಲಿ ಬಂದ ಮರದ ತುಂಡು, ಮೂಳೆ ಸೇರಿಸಿ ಹಂದರ ಕಟ್ಟಿ ಮೇಲೆ ಸೀಲ್ ಅನ್ನೋ ಕಡಲಪ್ರಾಣಿ ಚರ್ಮ ಹೊದಿಸ್ತಿದ್ರು. ಹಂದರ ಕಟ್ಟೋದು ಗಂಡಸರು. ಚರ್ಮ ಹದ ಮಾಡಿ ಒಂದು ಹನಿ ನೀರು ಒಳಗೆ ಬರದಂಗೆ ಹೊಲಿಯೋದು ಹೆಂಗಸರು. ಬೇಟೆಗೆ ಹೋದ ಗಂಡನ ಜೀವ ಹೆಂಡತಿ ಹೊಲಿಗೇಲಿತ್ತು. ನಮ್ಮ ಹರಿಗೋಲಿಗೂ ಅದಕ್ಕೂ ಸಾವಿರಾರು ಮೈಲಿ ದೂರ, ಆದ್ರೆ ಹಂದರ ಮತ್ತು ಚರ್ಮ ಅನ್ನೋ ಲೆಕ್ಕಾಚಾರ ಒಂದೇ.

ಅಲ್ಲೂ ಕಲಿಕೆ ಆಟದಿಂದಲೇ. ಆ ನೀರು ಎಷ್ಟು ತಣ್ಣಗಿರುತ್ತೆ ಅಂದ್ರೆ ಮಗುಚಿಕೊಂಡ್ರೆ ಸ್ವಲ್ಪ ಹೊತ್ತಲ್ಲೇ ಪ್ರಾಣ ಹೋಗುತ್ತೆ. ಅದಕ್ಕೇ ದೋಣಿಯಿಂದ ಆಚೆ ಬರದೇ, ತಲೆಕೆಳಗಾದ ದೋಣೀನ ಹುಟ್ಟಿನಿಂದಲೇ ಮತ್ತೆ ಎತ್ತಿ ನಿಲ್ಲಿಸೋದು ಕಲೀಬೇಕು. ಇದನ್ನ ಅಭ್ಯಾಸ ಮಾಡೋಕೆ ಅವರು ಎರಡು ಹಗ್ಗ ಬಿಗಿದು ಕಟ್ಟಿ ಅದರ ಮೇಲೆ ಮೈ ಸುತ್ತಿಸಿ ಉರುಳೋ ಆಟ ಆಡ್ತಿದ್ರು. ನಮ್ಮ ಹುಡುಗರು ಮರದ ಕೊಂಬೆಗೆ ಜೋತಾಡ್ತಾರಲ್ಲ, ಹಂಗೆ. ನಡುವೆ ಕಯಾಕೇ ಮರೆತುಹೋಗೋ ಹಂಗಾದಾಗ 1985ರಲ್ಲಿ ಗ್ರೀನ್‌ಲ್ಯಾಂಡಿನ ಜನ ಒಂದು ಸಂಘ ಕಟ್ಟಿದ್ರು. ಈಗಲೂ ಅವರ ಸ್ಪರ್ಧೇಲಿ ದೋಣಿ ಓಟದ ಜೊತೆಗೆ ಆ ಹಗ್ಗದ ಆಟಾನೂ ಇದೆ.

ಕೆನೂ ಅನ್ನೋದು ಇನ್ನೊಂದು ಥರ. ಉತ್ತರ ಅಮೆರಿಕದ ಕಾಡಿನ ಮೂಲನಿವಾಸಿಗಳು ಬರ್ಚ್ ಮರದ ತೊಗಟೇಲಿ ಮಾಡ್ತಿದ್ದ ತೆರೆದ ದೋಣಿ. ಗುರುತು ಸುಲಭ. ಕಾಲು ಚಾಚಿ ಕೂತು ಎರಡು ಮುಖದ ಹುಟ್ಟು ಹಿಡಿದ್ರೆ ಕಯಾಕ್. ಮಂಡಿ ಊರಿ ಒಂದೇ ಮುಖದ ಹುಟ್ಟು ಹಿಡಿದ್ರೆ ಕೆನೂ.

ಬಿಳಿಯರು ಇದನ್ನ ಮೋಜಿಗೆ ತಗೊಂಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಜಾನ್ ಮ್ಯಾಕ್‌ಗ್ರೆಗರ್ ಅನ್ನೋ ಸ್ಕಾಟ್ಲೆಂಡ್ ಮೂಲದವನು 1865ರಲ್ಲಿ ಒಂದು ಪುಟ್ಟ ದೋಣಿ ಮಾಡಿಸಿ ಯೂರೋಪಿನ ಹೊಳೆಗಳಲ್ಲೆಲ್ಲಾ ಸುತ್ತಿ ಪುಸ್ತಕ ಬರೆದ. 1880ರಲ್ಲಿ ಅಮೆರಿಕದ ಲೇಕ್ ಜಾರ್ಜ್ ಸರೋವರದ ದಡದಲ್ಲಿ ಕೆನೂ ಸಂಘ ಹುಟ್ಟಿತು. ಅಂಥ ಸಂಘದೋರ ಕೂಟಗಳಲ್ಲಿ ಒಂದು ಮಗುಚೋ ಓಟ ಇರ್ತಿತ್ತು. ಜೋರಾಗಿ ಹುಟ್ಟು ಹಾಕ್ತಿರುವಾಗ ಸನ್ನೆ ಕೊಟ್ಟ ತಕ್ಷಣ ಎಲ್ಲರೂ ದೋಣಿ ಮಗುಚಿ ನೀರಿಗೆ ಬಿದ್ದು, ಮತ್ತೆ ಹತ್ತಿ ಮುಂದೆ ಹೋಗಬೇಕು. ನೋಡೋರಿಗೆ ನಗು, ಆಡೋರಿಗೆ ಜೀವ ಉಳಿಸ್ಕೊಳ್ಳೋ ವಿದ್ಯೆ.

ಒಲಿಂಪಿಕ್ಸಿಗೆ ಇದು ಸೇರಿದ್ದು 1936ರಲ್ಲಿ, ಬರ್ಲಿನ್‌ನಲ್ಲಿ, ಗಂಡಸರಿಗೆ ಮಾತ್ರ. ಹೆಂಗಸರಿಗೆ ಕಯಾಕ್ ಸಿಕ್ಕಿದ್ದು 1948ರಲ್ಲಿ. ಮಂಡಿ ಊರೋ ಕೆನೂ ಸಿಗೋಕೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ವರೆಗೂ ಕಾಯಬೇಕಾಯ್ತು! ಗಂಡಸರಿಗಿಂತ ಎಂಬತ್ತೈದು ವರ್ಷ ಆಮೇಲೆ. ಅದೇ ವರ್ಷ ಟೋಕಿಯೋ ಪ್ಯಾರಾಲಿಂಪಿಕ್ಸಿಗೆ ಗ್ವಾಲಿಯರಿನ ಪ್ರಾಚಿ ಯಾದವ್ ಹೋದ್ಲು. ಕಾಲಿನ ಬಲ ಇಲ್ಲದ ಹುಡುಗಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕ್‌ನಲ್ಲಿ ಚಿನ್ನ ತಂದ್ಲು. ನೀರ ಮೇಲೆ ಕಾಲು ಲೆಕ್ಕಕ್ಕಿಲ್ಲ, ತೋಳು ಬೆನ್ನು ಸೊಂಟ ಇದ್ರೆ ಆಯ್ತು.

ಐದು ದಿನ ನಾನು ಕಂಡ ಆಟಗಳು

ಈಗ ಶಿಬಿರದಲ್ಲಿ ಆಡಿಸಿದ ಆಟಗಳನ್ನ ಹೇಳ್ತೀನಿ. ಹೆಸರು ಕೆಲವು ನಾನಿಟ್ಟಿದ್ದು.

ಮೊದಲನೇ ದಿನ ಹುಟ್ಟೇ ಕೊಡಲಿಲ್ಲ. ಬರೀ ಅಂಗೈಲಿ ನೀರು ಎಳೆದು ಹೋಗಿ ಅಂದ್ರು. ಅತ್ತಿಗೆ "ಬಡತನ ನೋಡು, ಹುಟ್ಟಿಗೂ ಗತಿ ಇಲ್ಲ," ಅಂದ್ರು. ಆದ್ರೆ ಕೈಯಲ್ಲಿ ಎಳೆಯೋಕೆ ಬಗ್ಗಬೇಕು, ಬಗ್ಗಿದ್ರೆ ದೋಣಿ ಓಲಾಡುತ್ತೆ, ಓಲಾಡಿದ್ರೂ ಬೀಳಲ್ಲ ಅನ್ನೋದು ಮೈಗೆ ಗೊತ್ತಾಗುತ್ತೆ. ಅರ್ಧ ಹೆದರಿಕೆ ಅಲ್ಲೇ ಹೋಯ್ತು.

ಎರಡನೇದು ಕೆರೆ ದಡ. ನಾವೆಲ್ಲಾ ಅಂಗಳದಲ್ಲಿ ಗೆರೆ ಎಳೆದು ಆಡಿದ್ದು. "ಕೆರೆ" ಅಂದ್ರೆ ಒಳಗೆ ಹಾರಬೇಕು, "ದಡ" ಅಂದ್ರೆ ಆಚೆ. ಇಲ್ಲಿ ನಿಜವಾದ ಕೆರೆ, ನಿಜವಾದ ದಡ. "ಕೆರೆ" ಅಂದ್ರೆ ಹಿಂದಕ್ಕೆ ಹುಟ್ಟು ಹಾಕಬೇಕು, "ದಡ" ಅಂದ್ರೆ ಮುಂದಕ್ಕೆ, ಸುಮ್ಮನೆ ಸಿಳ್ಳೆ ಹೊಡೆದ್ರೆ ಅಲ್ಲೇ ನಿಲ್ಲಿಸಬೇಕು. ದೋಣಿಗೆ ಬ್ರೇಕ್ ಇಲ್ಲ. ಹುಟ್ಟನ್ನ ಎರಡೂ ಕಡೆ ಚಕಚಕ ಅಂತ ಉಲ್ಟಾ ಒತ್ತಿದ್ರೇನೇ ನಿಲ್ಲೋದು.

ಸ್ಪಂಜಿನ ಮುಟ್ಟಾಟ ಆಗಲೇ ಹೇಳಿದೆ. ಅದರಲ್ಲಿ ಕಲಿಯೋದು ತಿರುಗೋದು. ಬಲಗಡೆ ಹುಟ್ಟು ಹಾಕಿದ್ರೆ ದೋಣಿ ಎಡಕ್ಕೆ ತಿರುಗುತ್ತೆ. ದೋಣಿ ಪಕ್ಕದಲ್ಲೇ ನೆಟ್ಟಗೆ ಎಳೆದ್ರೆ ನೇರ ಹೋಗುತ್ತೆ. ಮೊರದ ಅಂಚಿನ ಹಂಗೆ ಅಗಲವಾಗಿ ಅರ್ಧ ಸುತ್ತು ಎಳೆದ್ರೆ ಗಕ್ಕನೆ ತಿರುಗುತ್ತೆ.

ಬಿಂದಿಗೆ ಸುತ್ತೋದು ಇನ್ನೊಂದು. ಎರಡು ಪ್ಲಾಸ್ಟಿಕ್ ಬಿಂದಿಗೆಗೆ ಹಗ್ಗದಲ್ಲಿ ಕಲ್ಲು ಕಟ್ಟಿ ತೇಲಿಬಿಟ್ಟಿದ್ರು. ಅದರ ಸುತ್ತ ಎಂಟು ಅಂಕಿ ಹಾಕಬೇಕು. ಬಿಂದಿಗೆ ತಾಗಿದ್ರೆ ಮತ್ತೆ ಮೊದಲಿಂದ. ಅಂಬಿಗರ ಎಂಟು ಹುಟ್ಟಲ್ಲಿ, ಇವರ ಎಂಟು ದೋಣೀಲಿ.

ಚೆಂಡು ಆರಿಸೋದು ಸಾಕ್ಷಾತ್ ಅಜ್ಜಿಯ ಕಾಯಿ ಆಟ. ನೀರ ಮೇಲೆ ಇಪ್ಪತ್ತು ಚೆಂಡು ಚೆಲ್ಲಿ ಯಾರು ಹೆಚ್ಚು ತುಂಬಿಕೊಳ್ತಾರೆ ನೋಡೋದು. ನೇರ ನುಗ್ಗಿದ್ರೆ ಚೆಂಡು ಅಲೆಗೆ ದೂರ ಓಡುತ್ತೆ. ಹತ್ರ ಹೋಗಿ ಹುಟ್ಟನ್ನ ಪಕ್ಕಕ್ಕೆ ಚಾಚಿ ನೀರನ್ನ ತನ್ನ ಕಡೆ ಎಳ್ಕೊಂಡ್ರೆ ದೋಣಿನೇ ಪಕ್ಕಕ್ಕೆ ಸರಿಯುತ್ತೆ. ಇದನ್ನ ನೋಡ್ತಿದ್ದಾಗ ನನಗೆ ಕಣ್ಣು ತುಂಬಿ ಬಂತು. ಅತ್ತಿಗೆ ಕೇಳಿದ್ರು, ಹೊಗೆ ಅಂದೆ. ಅಲ್ಲಿ ಒಲೇನೇ ಇರಲಿಲ್ಲ.

ಕಣ್ಣಾಮುಚ್ಚಾಲೆ ಇಬ್ಬರು ಕೂರೋ ದೋಣೀಲಿ. ಮುಂದಿನೋರಿಗೆ ಕಣ್ಣಿಗೆ ಬಟ್ಟೆ, ಹಿಂದಿನೋರು ಬರೀ ಬಾಯಲ್ಲಿ ದಾರಿ ಹೇಳಬೇಕು. ಸದಾ ಕಚ್ಚಾಡೋ ತಂಗಿ ಮಕ್ಕಳಿಬ್ಬರನ್ನ ಅದರಲ್ಲಿ ಹಾಕಿದ್ರು. ಮೊದಲ ಸಲ ಪೊದೆಗೆ ನುಗ್ಗಿದ್ರು. ಮೂರನೇ ಸಲಕ್ಕೆ ಇಬ್ಬರ ಹುಟ್ಟೂ ಒಟ್ಟಿಗೆ ಏಳ್ತಿತ್ತು, ಒಟ್ಟಿಗೆ ಬೀಳ್ತಿತ್ತು.

ರೈಲಾಟ ನಮ್ಮ ಅರಸೀಕೆರೆ ಜಂಕ್ಷನ್ನಿಂದೇ ಬಂತೇನೋ ಅನ್ನಿಸ್ತು. ಒಂದರ ಹಿಂದೆ ಒಂದು ದೋಣಿ, ಹಿಂದಿನೋರು ಮುಂದಿನ ದೋಣಿ ಬಾಲ ಹಿಡ್ಕೊಳ್ಳೋದು, ಎಂಜಿನ್ ಆದವನು ಒಬ್ಬನೇ ಎಳೆಯೋದು. ಸುಸ್ತಾದವರನ್ನ ಎಳೆದು ತರೋ ಅಭ್ಯಾಸ ಅದು.

ಕೊನೇ ದಿನ ಮಗುಚೋ ಆಟ. ಸೊಂಟಮಟ್ಟ ನೀರಲ್ಲಿ, ಲೈಫ್ ಜಾಕೆಟ್ ಬಿಗಿದು, ಕಲಿಸೋರು ಪಕ್ಕದಲ್ಲೇ ನಿಂತು, ಬೇಕಂತ್ಲೇ ದೋಣಿ ಉರುಳಿಸಿ ಆಚೆ ಬರೋದು. ಬಂದ ಮೇಲೆ ಈಜಿ ಓಡಬಾರದು, ದೋಣೀನೇ ಹಿಡ್ಕೊಂಡು ಇರಬೇಕು. ದೋಣಿ ತೇಲುತ್ತೆ, ದೂರಕ್ಕೂ ಕಾಣುತ್ತೆ.

ಎಲ್ಲದರಲ್ಲೂ ಕಲಿಸೋ ಹುಡುಗಿ ಒಂದೇ ಮಾತು ಹೇಳ್ತಿದ್ಳು. ತೋಳಲ್ಲಿ ಎಳೀಬೇಡಿ, ಸೊಂಟ ತಿರುಗಿಸಿ ಅಂತ. ಅದನ್ನ ನೋಡಿ ಅತ್ತಿಗೆನೇ ಅಂದ್ರು, "ಇದು ಕಂಬಕ್ಕೆ ಹಗ್ಗ ಕಟ್ಟಿ ಮೊಸರು ಕಡ್ದಂಗೇ ಅಲ್ವೇನೆ?" ನಿಜ. ಬಲಗೈ ಮುಂದೆ ಹೋದಾಗ ಎಡಗೈ ಹಿಂದೆ, ಮೈ ಪೂರಾ ತಿರುಗಬೇಕು. ಬರೀ ತೋಳಲ್ಲಿ ಕಡೆದ್ರೆ ಬೆಣ್ಣೆ ಬರೋದ್ರೊಳಗೆ ಭುಜ ಬಿದ್ದು ಹೋಗುತ್ತೆ.

ಐದನೇ ದಿನ ಸಂಜೆ

ಸಂಜೆ ಮಕ್ಕಳೆಲ್ಲಾ ಮೇಲೆ ಬಂದ ಮೇಲೆ ಆ ಹುಡುಗಿ ಕೇಳಿದ್ಳು, "ಅಮ್ಮಾ, ನೀವೂ ಒಂದ್ ಸುತ್ತು ಹೋಗ್ತೀರಾ?" ನಾನು ಬಾಯಿ ತೆರೆಯೋದ್ರೊಳಗೆ ತಂಗಿ ಮಗಳು ಲೈಫ್ ಜಾಕೆಟ್ ತಂದು ನನ್ನ ಕೊರಳಿಗೆ ಹಾಕಿಬಿಟ್ಳು. ಐವತ್ನಾಲ್ಕು ವರ್ಷ ನನಗೆ. ಚೂಡಿದಾರ ಹಾಕಿದ್ದೆ, ಆ ನೆಪಾನೂ ಇರಲಿಲ್ಲ.

ಕೂತೆ. ಕೈ ನಡುಗ್ತಿತ್ತು. ದಡ ಬಿಟ್ಟು ಎರಡು ಮಾರು ಹೋದಾಗ ನಮ್ಮ ದೊಡ್ಡಮ್ಮ ನೆನಪಾದ್ರು. ಇಷ್ಟೇ ದೂರ ಇದ್ದಿದ್ದು. ಎದೆ ಹಿಡಿದಂಗಾಯ್ತು. ವಾಪಸ್ ಕರ್ಕೊಂಡು ಹೋಗಿ ಅನ್ನೋಣ ಅಂದ್ಕೊಂಡೆ. ಅಷ್ಟರಲ್ಲಿ ದಡದಿಂದ ಮಕ್ಕಳು ಕೂಗಿದ್ರು, "ಕೆರೆ!" ಅಂತ. ಕೈ ತಂತಾನೇ ಹಿಂದಕ್ಕೆ ಒತ್ತಿತು. "ದಡ!" ಮುಂದಕ್ಕೆ ಎಳೆದೆ. "ಕೆರೆ! ದಡ! ಕೆರೆ!" ಹೆದರೋಕೆ ಪುರುಸೊತ್ತೇ ಕೊಡಲಿಲ್ಲ ಆ ಪಾಪಿಗಳು. ಹತ್ತು ನಿಮಿಷ ಆಯ್ತಂತೆ, ನನಗೆ ಗೊತ್ತೇ ಆಗಲಿಲ್ಲ.

ಅತ್ತಿಗೆ ಹತ್ತಲಿಲ್ಲ. "ನನ್ ಮಂಡಿ ನೋವು ನಿಂಗೇನ್ ಗೊತ್ತು," ಅಂದ್ರು. ಆದ್ರೆ ಮನೆಗೆ ಬರೋ ದಾರೀಲಿ, "ಮುಂದಿನ ವರ್ಷ ಆ ಇಬ್ರು ಕೂರೋ ದೋಣಿ ಇರ್ತದಾ?" ಅಂತ ಕೇಳಿದ್ರು. ನಾನೇನೂ ಹೇಳಲಿಲ್ಲ, ನಕ್ಕೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಹಿರಿಯಕ್ಕನ ಥರ. ಇದನ್ನ ಓದಿ ಯಾರೂ ಮಕ್ಕಳನ್ನ ಊರ ಕೆರೆಗೆ, ಕೃಷಿಹೊಂಡಕ್ಕೆ ಇಳಿಸೋಕೆ ಹೋಗಬೇಡಿ. ಕೆರೆ ಹೂಳು ಕಾಲು ಹಿಡಿಯುತ್ತೆ. ಹೊಂಡದ ಪ್ಲಾಸ್ಟಿಕ್ ಜಾರುತ್ತೆ, ಹತ್ತೋಕೆ ಆಗಲ್ಲ. ಕಲಿಸೋರು ಇರೋ ಕಡೆ, ಮೈಗೆ ಸರಿಯಾಗಿ ಕೂರೋ ಲೈಫ್ ಜಾಕೆಟ್ ಇರೋ ಕಡೆ ಮಾತ್ರ ಕಳಿಸಿ. ಯಾರಾದ್ರೂ ನೀರಿಗೆ ಬಿದ್ರೆ ಈಜು ಬರದೋರು ಹಾರಬೇಡಿ. ಕೂಗಿ ಜನ ಕರೀರಿ. ಉದ್ದ ಕೋಲು, ಹಗ್ಗ, ಖಾಲಿ ಬಿಂದಿಗೆ, ಮುಚ್ಚಳ ಹಾಕಿದ ಕ್ಯಾನು, ಏನು ತೇಲುತ್ತೋ ಅದನ್ನ ಎಸೀರಿ. ಅವತ್ತು ಐದು ಜನ ಹೆಂಗಸರ ಸೊಂಟದಲ್ಲಿ ಐದು ಖಾಲಿ ಬಿಂದಿಗೆ ಇದ್ವು. ಬಾಯಿ ಕೆಳಗೆ ಮಾಡಿ ಹಿಡಿದ್ರೆ ಬಿಂದಿಗೆ ತೇಲಿಸುತ್ತೆ ಅಂತ ಯಾರಿಗೂ ಹೊಳೀಲಿಲ್ಲ, ಯಾರೂ ಕಲಿಸಿರಲಿಲ್ಲ.

ನನ್ನ ಮಗಳಿಗೆ ಫೋನ್ ಮಾಡಿ ಹೇಳಿದ್ದೀನಿ, ಬೆಂಗಳೂರಲ್ಲೇ ಈಜು ಕಲಿ, ಮೊಮ್ಮಗಳಿಗೂ ಕಲಿಸು, ದುಡ್ಡು ನಾನು ಕೊಡ್ತೀನಿ ಅಂತ. ಮುಂದಿನ ಬೇಸಿಗೆಗೆ ಇಬ್ಬರೂ ಬರ್ತಾರೆ. ನಿಮ್ಮ ಮನೇಲೂ ಹರಿಗೋಲು ಹತ್ತಿದ ಅಜ್ಜಿ ಯಾರಾದ್ರೂ ಇದ್ರೆ ಏನು ಆಟ ಆಡ್ತಿದ್ರು ಕೇಳಿಟ್ಟುಕೊಳ್ಳಿ. ಈ ಕಡೆ ಬಂದಾಗ ನನಗೂ ಹೇಳಿ. ಕಾಫಿಗೆ ನೀರಿಟ್ಟಿರ್ತೀನಿ.